ಎರಡಂಗುಲ

ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮಂಗಳೂರಿನ ಕಡೆಯವರು. ರಜೆಯ ದಿನ ಗ್ಯಾರೇಜಿನಲ್ಲಿ ಹಳೆಯ ಕುರ್ಚಿಗಳನ್ನು ರಿಪೇರಿ ಮಾಡುತ್ತಿದ್ದರು. ಯಾರಾದರೂ ಗೀರು ಉಜ್ಜಿ ತೆಗೆಯಿರಿ ಎಂದರೆ, ಮರವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, "ಇದ್ದ ಹಾಗೇ ಇರ್ಲಿ ಮಾರಾಯ್ರೇ" ಅನ್ನುತ್ತಿದ್ದರು.

ಅವರ ಸ್ವಂತದ್ದು ಒಂದು ಜೋಡಿ ಇಂಗ್ಲಿಷ್ ಮಹಾಗನಿ ಮರದ ತೋಳುಕುರ್ಚಿ. ಇನ್ನೂರು ವರ್ಷ ಹಳೆಯವು. ಕಾಲುಗಳಲ್ಲಿ ಗ್ರೀಕ್ ಗುಡಿಯ ಕಂಬಗಳ ಹಾಗೆ ಉದ್ದುದ್ದ ಗೆರೆ ಕೊರೆದಿತ್ತು. ಅವಕ್ಕೆ ಅವರು ಒಂದು ಮೊಳೆಯನ್ನೂ ತಾಗಿಸಿರಲಿಲ್ಲ.

ಆ ವರ್ಷ ಅವರ ಹೆಂಡತಿಯ ಕಾಯಿಲೆ ಬಲಿತು, ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದರು. ಕೈ ಊರಿ ಏಳಲು ಆಕೆಗೆ ಆ ಕುರ್ಚಿಯೇ ಬೇಕಿತ್ತು. ಆದರೆ ಆಕೆ ಕುಳ್ಳಗೆ; ಪಾದ ನೆಲ ಮುಟ್ಟದೆ ಊದಿಕೊಳ್ಳುತ್ತಿತ್ತು. ಮಣೆ ಇಟ್ಟರೆ ಏಳುವಾಗ ಎಡವುತ್ತಿದ್ದರು.

ಒಂದು ಭಾನುವಾರ ಅವರು ಕುರ್ಚಿ ಹಿಡಿದುಕೊಳ್ಳಲು ನನ್ನನ್ನು ಗ್ಯಾರೇಜಿಗೆ ಕರೆದರು. ಮೂರು ಸಲ ಅಳತೆ ನೋಡಿ, ನಾಲ್ಕೂ ಕಾಲುಗಳನ್ನು ಗರಗಸದಿಂದ ಎರಡಂಗುಲ ಕೊಯ್ದರು.

ಆಕೆ ಕೂತು, ಪಾದ ಊರಿ, ಎದುರಿನ ಕುರ್ಚಿಯಲ್ಲಿದ್ದ ಗಂಡನನ್ನು ನೋಡಿದರು. "ನೀವು ಜಡ್ಜ್ ಸಾಹೇಬ್ರ ಹಾಗೆ ಮೇಲೆ ಕೂತಿದ್ದೀರಿ. ನಂಗೆ ಕತ್ತು ನೋಯ್ತದೆ."

ಅವರು ಎದ್ದು ತಮ್ಮ ಕುರ್ಚಿಯನ್ನೂ ಮಗುಚಿ ಹಾಕಿ ಗರಗಸ ಎತ್ತಿಕೊಂಡರು.

ಚಳಿಗಾಲ ಮುಗಿಯುವ ಮೊದಲೇ ಆಕೆ ತೀರಿಕೊಂಡರು. ನಾನು ಮಾತಾಡಿಸಲು ಹೋದಾಗ ಅವರು ತಮ್ಮ ಕುರ್ಚಿಯಲ್ಲಿದ್ದರು. ಎತ್ತರದ ಆಳು, ಮಂಡಿಗಳು ಸೊಂಟಕ್ಕಿಂತ ಮೇಲೆ ಬಂದಿದ್ದವು.

"ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಎಂದು ಆಕೆಯ ಕುರ್ಚಿ ತೋರಿಸಿದರು. ಕೂತೆ. ಅವರು ನನ್ನ ಮುಖ ನೋಡಲಿಲ್ಲ. ನೆಲದ ಮೇಲೆ ಊರಿದ್ದ ನನ್ನ ಪಾದಗಳನ್ನೇ ನೋಡುತ್ತಿದ್ದರು.