ಏರಿಯ ಬಳಿ ಯಾರೂ ಇಳಿಯದ ದಿನ

ಬೆಳಿಗ್ಗೆ ಒಂಬತ್ತೂವರೆಗೆ ಬ್ಲ್ಯಾಕ್‌ಪಲ್ಲಿ ಮಾರ್ಕೆಟ್ಟಿನ ಹಿಂದೆ ಖಾದರ್ ಸಾಬರ ಬಸ್ಸು ಹತ್ತಿದೆ. ಈಗ ಶಿವಾಜಿನಗರ ಎನ್ನುವ ಪೇಟೆಗೆ ಆಗ ಬ್ಲ್ಯಾಕ್‌ಪಲ್ಲಿ ಎಂದೇ ಹೆಸರು. ಅಲ್ಲಿಂದ ಕೃಷ್ಣರಾಜಪುರಕ್ಕೆ ಎಂಟೊಂಬತ್ತು ಮೈಲಿ, ಚಾರ್ಜು ನಾಲ್ಕಾಣೆ. ಯುದ್ಧ ಮುಗಿದಿದ್ದರೂ ಪೆಟ್ರೋಲಿನ ಬಿಗಿ ಸಡಿಲವಾಗಿರಲಿಲ್ಲ. ಬಸ್ಸು ಇನ್ನೂ ಇದ್ದಿಲ ಗ್ಯಾಸಿನಲ್ಲೇ ಓಡುತ್ತಿತ್ತು. ಹಿಂಬದಿಯ ಒಲೆಗೆ ಗಾಳಿ ಹಾಕಿ ಇಂಜಿನ್ನನ್ನು ಒಪ್ಪಿಸುವಷ್ಟರಲ್ಲಿ ಹತ್ತು ಗಂಟೆಯಾಯಿತು. ಇಸ್ತ್ರಿ ಮಾಡಿಸಿದ ನನ್ನ ಬಿಳಿ ಷರ್ಟು ಹೊರಡುವ ಮೊದಲೇ ಮಸಿ ಹಿಡಿದಿತ್ತು.

ನಾನು ಹೊರಟದ್ದು ಊರು ನೋಡಲಿಕ್ಕಲ್ಲ. ಮೋಟಾರು ವಿಮೆಯ ಕಂಪನಿಯೊಂದರಲ್ಲಿ ಇನ್‌ಸ್ಪೆಕ್ಟರಾಗಿದ್ದೆ. ವಿಮೆಯಿಲ್ಲದ ಬಸ್ಸು ಬೆಂಗಳೂರಿನ ದಂಡಿನ ಸ್ಟೇಷನ್ನಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಓಡಕೂಡದು ಎಂಬ ಕಾಯಿದೆ ಹೊಸದಾಗಿ ಬಂದಿತ್ತು. ನಮ್ಮ ಆಫೀಸಿನ ಗೋಡೆಯ ನಕ್ಷೆಯಲ್ಲಿ ಹಲಸೂರಿನಾಚೆ ಕೆಂಪು ಪೆನ್ಸಿಲಿನ ಗೆರೆಯಿತ್ತು. ಗೆರೆಯ ಈಚೆ ಬ್ರಿಟಿಷರ ಸ್ಟೇಷನ್ನು, ಅಲ್ಲಿ ಪೊಲೀಸರು, ದೀಪ, ಆಸ್ಪತ್ರೆ. ಆಚೆ ಮೈಸೂರು ಸಂಸ್ಥಾನದ ಹಳ್ಳಿಗಳು, ಎತ್ತು, ಗಾಡಿ, ಕೆರೆ ಏರಿ. ಆಚೆಯ ವಾಹನಗಳಿಗೆ ವಿಮೆಯ ದರ ಒಂದೂವರೆ ಪಟ್ಟು. ಆ ದಾರಿಯಲ್ಲಿ ಅಪಘಾತವಾಗಿಲ್ಲವೆಂದು ಇನ್‌ಸ್ಪೆಕ್ಟರು ಹೋಗಿ ನೋಡಿ ಬರೆದುಕೊಟ್ಟರೆ ಮಾತ್ರ ಈಚೆಯ ದರ. ಖಾದರ್ ಸಾಬರು ತಮ್ಮ ಬಸ್ಸಿಗೆ ತಾವೇ ಮಾಲೀಕರು, ತಾವೇ ಡ್ರೈವರು. ಹಿಂದಿನ ವಾರ ಆಫೀಸಿಗೆ ಬಂದು ನೇರವಾಗಿಯೇ ಹೇಳಿದ್ದರು: “ಒಂದೂವರೆ ಪಟ್ಟು ನನ್ ಕೈಲಿ ಆಗಲ್ಲ ಸಾರ್. ಹಲಸೂರಿಗೇ ನಿಲ್ಲಿಸ್ಬಿಡ್ತೀನಿ. ಆಮೇಲೆ ಹಳ್ಳಿಯವ್ರು ನಡ್ಕೊಂಡೇ ಹೋಗ್ಬೇಕು.” ಆ ಕಡೆಗೆ ಹೋಗುತ್ತಿದ್ದ ಬಸ್ಸು ಅದೊಂದೇ.

ಸ್ಟೇಷನ್ನಿನ ಎರಡು ಮೈಲಿಯಲ್ಲಿ ಮೂರು ಸಲ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಒಂದು ಸಲ ಮಿಲಿಟರಿ ಲಾರಿ ಅಡ್ಡ ನುಗ್ಗಿತು, ಒಂದು ಸಲ ಜಟಕಾ ಕುದುರೆ ಬೆದರಿತು, ಮೂರನೆಯ ಸಲ ಸೈಕಲ್ಲಿನ ಮೇಲೆ ಹೊರಟಿದ್ದ ಗೋರಾ ಸೋಲ್ಜರನೊಬ್ಬ ಕೈಬಿಟ್ಟು ಸಿಗರೇಟು ಹಚ್ಚುತ್ತಿದ್ದ. ಮೂರು ಸಲವೂ ಖಾದರ್ ಸಾಬರು ಬಯ್ಯದೆ ಬ್ರೇಕು ಹಾಕಿದರು. ನಮ್ಮ ಕಂಪನಿ ಸುರಕ್ಷಿತ ಎಂದು ಬರೆದುಕೊಂಡಿದ್ದ ಭಾಗ ಇದು. ಹಣೆ ಉಜ್ಜಿಕೊಳ್ಳುತ್ತಾ ನಾನು ಅದನ್ನು ಗುರುತು ಹಾಕಿಕೊಂಡೆ.

ಹಲಸೂರು ಬಜಾರಿನಲ್ಲಿ ಕಾಲು ಗಂಟೆ ನಿಂತೆವು. ಮಾರ್ಕೆಟ್ಟಿಗೆ ಸೊಪ್ಪು ಹಾಕಿ ಹಿಂದಿರುಗುತ್ತಿದ್ದ ಹೆಂಗಸರು ಖಾಲಿ ಮಂಕರಿಗಳೊಂದಿಗೆ ಹತ್ತಿದರು. ಅವರಲ್ಲಿ ಹಿರಿಯಳಾದ ಮುನಿಯಮ್ಮ ನನ್ನ ಪಕ್ಕದಲ್ಲಿ ಕೂತು, ಕೇಳದಿದ್ದರೂ ಎರಡು ಸೀಬೆಹಣ್ಣು ನನ್ನ ಕೈಗಿಟ್ಟಳು. ನಾನು ಯಾರೆಂದು ಬಸ್ಸಿಗೆಲ್ಲ ಗೊತ್ತಿತ್ತು. ಇಂಥ ಉಪಚಾರ ನನ್ನ ಮಾವನ ಮನೆಯಲ್ಲೂ ನಡೆದಿರಲಿಲ್ಲ.

ಗಡಿಕಲ್ಲು ದಾಟಿದ ಮೇಲೆ ಎರಡೂ ಕಡೆ ರಾಗಿ ಹೊಲ, ತರಕಾರಿ ತೋಟ. ಮೂರು ದಿನ ಮಳೆ ಸುರಿದು ಹಿಂದಿನ ರಾತ್ರಿಯಷ್ಟೇ ಬಿಟ್ಟಿತ್ತು. ಎದುರಿಗೆ ಸಿಕ್ಕಿದ್ದು ನಾಲ್ಕು ಎತ್ತಿನ ಗಾಡಿ, ಅಷ್ಟೆ. ನಾನು ಫಾರಂ ತೆಗೆದು ವಿಚಾರಣೆಗೆ ತೊಡಗಿದೆ.

“ಈ ದಾರೀಲಿ ಏನೂ ಆಗಿಲ್ಲ ಸ್ವಾಮಿ,” ಎಂದಳು ಮುನಿಯಮ್ಮ. “ಒಂದು ಕೋಳಿಗೂ ತಗಲಿಲ್ಲ.”

ಮುಂದಿನ ಸೀಟಿನಲ್ಲಿ ವೆಂಕಟಪ್ಪ ಎಂಬ ನಡುವಯಸ್ಸಿನ ರೈತ ಬಲಗಾಲನ್ನು ಮಡಿಸಲಾರದೆ ನೀಡಿಕೊಂಡು ಕೂತಿದ್ದ. ಕಾಲಿಗೇನಾಯಿತು ಎಂದು ಕೇಳಿದೆ.

“ಹುಣಸೆಮರದಿಂದ ಬಿದ್ದೆ,” ಎಂದ ಅವನು.

“ಬಾವಿಗೆ ಬಿದ್ದಿದ್ದ,” ಎಂದಳು ಮುನಿಯಮ್ಮ, ಅದೇ ಉಸಿರಿನಲ್ಲಿ.

ಇಬ್ಬರೂ ಕಿಟಕಿಯಾಚೆ ನೋಡತೊಡಗಿದರು. ನಾನು ಮರವನ್ನೂ ಬರೆಯಲಿಲ್ಲ, ಬಾವಿಯನ್ನೂ ಬರೆಯಲಿಲ್ಲ.

ಮದ್ರಾಸು ರಸ್ತೆ ಬಿಟ್ಟು ಊರೊಳಕ್ಕೆ ತಿರುಗುವ ಮಣ್ಣುದಾರಿ ಕೆರೆ ಏರಿಯ ಮೇಲೆ ಹಾದುಹೋಗುತ್ತಿತ್ತು. ಏರಿಯ ಮೊದಲಿಗೇ, ಯಾರೂ ಕೇಳದಿದ್ದರೂ, ಖಾದರ್ ಸಾಬರು ಬಸ್ಸು ನಿಲ್ಲಿಸಿದರು. ಮುನಿಯಮ್ಮ ಮಂಕರಿ ಎತ್ತಿಕೊಂಡು ಅರ್ಧ ಎದ್ದಳು. ಅವಳ ಹಿಂದೆಯೇ ಇಡೀ ಬಸ್ಸು ಎದ್ದಿತು. ಆಮೇಲೆ ಅವಳು ನನ್ನ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು ಕೂತುಬಿಟ್ಟಳು. ಎಲ್ಲರೂ ಕೂತರು. ಖಾದರ್ ಸಾಬರು ತಿರುಗಿ, “ಹೋಗೋದಾ?” ಎಂದರು.

“ಹೋಗಿ ಸಾಬ್ರೇ, ದಿನಾ ಹೋಗೋ ದಾರಿ ತಾನೆ,” ಎಂದ ವೆಂಕಟಪ್ಪ. ಆದರೆ ಅವನ ಕೈ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಅನ್ನಿಸಿದರೂ ನಾನು ಸೀಬೆಹಣ್ಣು ತಿನ್ನುವುದನ್ನೇ ಮುಂದುವರಿಸಿದೆ.

ಏರಿಯ ನಡುವೆ ಎಡಗಡೆಯ ಹಿಂದಿನ ಚಕ್ರ ನೆನೆದ ಮಣ್ಣಿನಲ್ಲಿ ಕುಸಿಯಿತು. ಬಸ್ಸು ಕೆರೆಯ ಕಡೆಗೆ ವಾಲಿ ನಿಂತಿತು. ಜನ ಹತ್ತಿ ಇಳಿಯುವ ಬಾಗಿಲಿದ್ದದ್ದು ಎಡಕ್ಕೆ, ಅದರ ಕೆಳಗೆ ತುಂಬಿದ ನೀರು. ಯಾರೂ ಕೂಗಲಿಲ್ಲ. ಖಾದರ್ ಸಾಬರು ತಲೆ ತಿರುಗಿಸದೆ, “ಎಲ್ರೂ ಬಲಗಡೆ ಬನ್ನಿ. ನಿಧಾನ. ಕಿಟಕಿಯಿಂದ ಒಬ್ಬೊಬ್ರೇ ಇಳೀರಿ,” ಎಂದರು. ಕಿಟಕಿಗೆ ಗಾಜಿರಲಿಲ್ಲ, ಬರೀ ಕ್ಯಾನ್ವಾಸು ಪರದೆ. ಮೊದಲು ಕೂಸೊಂದನ್ನು ಹೊರಗೆ ದಾಟಿಸಿದರು, ಆಮೇಲೆ ತಾಯಿಯನ್ನು. ವೆಂಕಟಪ್ಪನ ಮಡಿಸಲಾಗದ ಕಾಲನ್ನು ಹಿಡಿದು ಹೊರಗೆ ತಳ್ಳಿದವನು ನಾನೇ. ಒಬ್ಬರು ಇಳಿದಾಗಲೊಮ್ಮೆ ಬಸ್ಸು ಕಿರ್ರೆಂದು ಇಷ್ಟಿಷ್ಟೇ ಜರುಗುತ್ತಿತ್ತು.

ನಾನು ಇಳಿದು ಎಣಿಸಿದೆ, ಇಪ್ಪತ್ತೊಂದು ಜನ. ಖಾದರ್ ಸಾಬರು ಇಳಿಯಲಿಲ್ಲ. ಬ್ರೇಕಿನಿಂದ ಕಾಲು ತೆಗೆದರೆ ಬಸ್ಸು ನೀರಿಗೆ ಹೋಗುತ್ತಿತ್ತು. ಊರಿನಿಂದ ಎರಡು ಜೊತೆ ಎತ್ತು, ಹಗ್ಗ, ಹಲಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಹಾಗೇ ಕೂತಿದ್ದರು. ಬಸ್ಸು ಮೇಲೆ ಬಂದಾಗ ಕಾಲು ಮರಗಟ್ಟಿ, ಇಬ್ಬರು ಹಿಡಿದು ಇಳಿಸಬೇಕಾಯಿತು.

ಮಧ್ಯಾಹ್ನ ಮುನಿಯಮ್ಮನ ಮನೆ ಜಗಲಿಯಲ್ಲಿ ನನಗೂ ವೆಂಕಟಪ್ಪನಿಗೂ ಮುದ್ದೆ, ಸೊಪ್ಪಿನ ಸಾರು. ನನಗೆ ಸಿಟ್ಟು ಬಂದಿತ್ತು. “ದಿನಾ ಇಳಿಯುತ್ತೀರಿ, ಅಲ್ಲವೇ?” ಎಂದು ಕೇಳಿದೆ.

“ದಿನಾ ಇಳೀತೀವಿ ಸ್ವಾಮಿ,” ಎಂದಳು. “ಏರಿ ಹತ್ರ ಎಲ್ರೂ ಇಳಿದು ನಡೀತೀವಿ. ಆಮೇಲೆ ಸಾಬ್ರು ಖಾಲಿ ಗಾಡಿ ತರ್ತಾರೆ. ಹೋದ ಮಳೆಗಾಲ ಅಲ್ಲೇ ಬಸ್ಸು ಜಾರಿ ಇವನ ಕಾಲು ಮುರೀತಲ್ಲ, ಅವತ್ತಿಂದ.”

“ಪೊಲೀಸರಿಗೆ ಹೇಳಿದಿರಾ?”

“ಊರಲ್ಲೇ ಮಾತಾಡ್ಕೊಂಡ್ವಿ,” ಎಂದ ವೆಂಕಟಪ್ಪ. “ಗಾಯ ಮಾಯೋವರ್ಗೂ ಸಾಬ್ರು ದಿನಾ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಇನ್ನೇನು ಬೇಕು?”

“ಮತ್ತೆ ಇವತ್ತು ಯಾಕೆ ಇಳಿಯಲಿಲ್ಲ?”

ಮುನಿಯಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. “ಇಳಿದ್ರೆ ರಸ್ತೆ ಕೆಟ್ಟದ್ದು ಅಂತ ಬರ್ಕೊಂಬಿಡ್ತೀರಲ್ಲ. ಬಸ್ಸು ನಿಂತ್ಹೋದ್ರೆ ನಾನು ಸೊಪ್ಪು ಹೊತ್ಕೊಂಡು ಹೆಂಗೆ ನಡೀಲಿ? ಒಂದು ದಿನ ತಾನೆ ಅಂದ್ಕೊಂಡ್ವಿ.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆ ಇಪ್ಪತ್ತೊಂದು ಜನ ನೀರಿನ ಅಂಚಿಗೆ ಹೋದದ್ದು ನನ್ನ ಜೇಬಿನ ಫಾರಮ್ಮಿಗೆ ಹೆದರಿ. ನನಗೆ ನಾಚಿಕೆಯಾಯಿತು. ಎರಡನೆಯ ಮುದ್ದೆ ಬೇಡವೆಂದೆ, ಅವಳು ಕೇಳಲಿಲ್ಲ.

ಮೂರು ಗಂಟೆಗೆ ಬಸ್ಸು ಹಿಂದಕ್ಕೆ ಹೊರಟಿತು. ಏರಿಯ ಬಳಿ ನಿಂತಾಗ ಮೊದಲು ಇಳಿದವನು ನಾನು. ಬಿಸಿಲು ಬಂದು ಮಣ್ಣಿನ ಮೇಲ್ಪದರ ಗಟ್ಟಿಯಾಗಿತ್ತು. ಆಚೆ ತುದಿ ತಲುಪಿ ತಿರುಗಿ ನೋಡಿದೆ. ಖಾದರ್ ಸಾಬರು ಬೇಕಾದರೆ ಹಾರಿಕೊಳ್ಳಲೆಂದು ತಮ್ಮ ಸೀಟಿನ ಪಕ್ಕದ ಡ್ರೈವರ್ ಬಾಗಿಲನ್ನು ಪೂರ್ತಿ ತೆರೆದಿಟ್ಟು, ನಡಿಗೆಯ ವೇಗದಲ್ಲಿ ಬಸ್ಸನ್ನು ತರುತ್ತಿದ್ದರು.

ಮರುದಿನ ಆಫೀಸಿನಲ್ಲಿ ಎಲ್ಲವನ್ನೂ ಬರೆದೆ. ಮುರಿದ ಕಾಲು, ಕುಸಿದ ಚಕ್ರ, ಜನ ಇಳಿದು ನಡೆಯುವ ಪದ್ಧತಿ ಯಾವುದನ್ನೂ ಬಿಡಲಿಲ್ಲ. ಸ್ಟೇಷನ್ನಿನಲ್ಲಿ ಮೂರು ಸಲ ಹಣೆ ಬಡಿದದ್ದನ್ನೂ ಸೇರಿಸಿ, ಇಷ್ಟು ಎಚ್ಚರದ ಡ್ರೈವರು ಗೆರೆಯ ಈಚೆಗೂ ಸಿಗುವುದು ಕಷ್ಟ, ಈಚೆಯ ದರವನ್ನೇ ಕೊಡಬೇಕು ಎಂದು ಕೊನೆಗೆ ಬರೆದೆ. ಮದ್ರಾಸಿನ ಹೆಡ್ ಆಫೀಸಿನಿಂದ ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ.

ಉತ್ತರದೊಂದಿಗೆ ಬ್ಲ್ಯಾಕ್‌ಪಲ್ಲಿಗೆ ಹೋದೆ. ಖಾದರ್ ಸಾಬರು ಒಲೆಗೆ ಇದ್ದಿಲು ತುಂಬುತ್ತಿದ್ದರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ. ಕಂಪನಿ ಈಚೆಯ ದರಕ್ಕೆ ಒಪ್ಪಿತ್ತು. ಕೆಳಗೊಂದು ಷರತ್ತಿತ್ತು: ಕೆರೆ ಏರಿಯ ಮೇಲೆ ಏನಾದರೂ ಆದರೆ ಕಂಪನಿ ಹೊಣೆಯಲ್ಲ.

“ಬಸ್ಸು ಓಡ್ಬಹುದು ತಾನೆ ಸಾರ್?”

“ಓಡಬಹುದು. ಆದರೆ ಏರಿಯ ಮೇಲೆ—”

“ಏರಿ ಮೇಲೆ ಜನ ಯಾರೂ ಇರಲ್ವಲ್ಲ,” ಎಂದರು ಅವರು, ನನ್ನನ್ನೇ ಸಮಾಧಾನಪಡಿಸುವಂತೆ. “ಗಾಡೀಲಿ ನಾನೊಬ್ನೇ ಇರ್ತೀನಿ.”

ಇದ್ದಿಲ ಕೈಯನ್ನು ಲುಂಗಿಗೆ ಒರೆಸಿಕೊಂಡು, ನಾನು ತೋರಿಸಿದ ಜಾಗದಲ್ಲಿ ಉರ್ದುವಿನಲ್ಲಿ ರುಜು ಹಾಕಿದರು.