ಎಂಜಿನ್ನಿನಲ್ಲಿ ಉಳಿದ ಹಳದಿ ಚಿಂದಿ

ಸಾಂತಾನ್ ಬಾಬ್‌ನ ಹಳೇ ಬುಲೆಟ್ ಬಿಚ್ಚಲು ನಾನು ಒಪ್ಪಿಕೊಂಡಾಗ ಮಾಪುಸಾದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಇಪ್ಪತ್ತೆರಡು ವರ್ಷ ಮೂಲೆಯಲ್ಲಿ ಬಿದ್ದ ಗಾಡಿ, ವಿಠು ಚಾರಿ ಪುಕ್ಕಟೆ ಮಾಡಿಕೊಡುತ್ತಾನಂತೆ, ಎಷ್ಟು ಒಳ್ಳೆಯವನು ಎಂದು. ಥೂ, ನನ್ನ ಜನ್ಮಕ್ಕಿಷ್ಟು! ನಾನು ಹೋದದ್ದು ರಿಪೇರಿಗಲ್ಲ. ಆ ಎಂಜಿನ್ನಿನೊಳಗೆ ಒಂದು ಚಿಂದಿ ಬಟ್ಟೆ ಇರಬಹುದೆಂಬ ಅನುಮಾನ ನನಗಿತ್ತು. ಬೇರೆ ಮೆಕ್ಯಾನಿಕ್ಕಿನ ಕೈಗೆ ಸಿಗುವ ಮೊದಲು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕಿತ್ತು.

ಸಾಂತಾನ್ ಬಾಬ್ ಆಗ ಪೈಲಟ್. ಮುಂದಿನ ಮಡ್‌ಗಾರ್ಡಿಗೆ ಹಳದಿ ಬಳಿದು, ಬಾಡಿಗೆಗೆ ಜನರನ್ನು ಹಿಂದೆ ಕೂರಿಸಿಕೊಂಡು ಹೋಗುವವನನ್ನು ನಾವು ಗೋವಾದವರು ಹಾಗೇ ಕರೆಯುವುದು. ಮೀನಿನ ಬುಟ್ಟಿಯವಳಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಅವನೇ ಬೇಕು. ಹೊಂಡ ಬರುವ ಮೊದಲೇ "ಗಟ್ಟಿ ಹಿಡ್ಕೊಳ್ಳಿ" ಎಂದು ಕೂಗುತ್ತಿದ್ದ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಎರಡು ಪೆಗ್ ಫೆನ್ನಿ; ಗಾಡಿಯ ಮೇಲಿರುವಾಗ ಒಂದು ಹನಿಯೂ ಇಲ್ಲ. ಹೆಂಡತಿ ಪಿಯೆದಾದ್ ಬಾಯಿ ಹೊಲಿಗೆಯವಳು. ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳನ್ನು ಗಂಟು ಕಟ್ಟಿ ನನ್ನ ಗ್ಯಾರೇಜಿಗೆ ಕೊಡುತ್ತಿದ್ದಳು, ಕೈ ಒರೆಸಲು.

ಇಪ್ಪತ್ತೆರಡು ವರ್ಷದ ಹಿಂದೆ, ಈಸ್ಟರಿನ ಹಿಂದಿನ ದಿನ ಗ್ಯಾರೇಜಿನಲ್ಲಿ ಹನ್ನೊಂದು ಗಾಡಿ, ಅವನ ಬುಲೆಟ್ಟೂ ಸೇರಿ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದಾಗ, ಎಣ್ಣೆ ಹೋಗುವ ತೂತಿಗೆ ಧೂಳು ಬೀಳದಿರಲೆಂದು ಚಿಂದಿ ತುರುಕುವುದು ನನ್ನ ರೂಢಿ. ಮುಚ್ಚುವಾಗ ತೆಗೆಯಬೇಕು, ಇಲ್ಲದಿದ್ದರೆ ಎಣ್ಣೆ ಸಿಗದೆ ಎಂಜಿನ್ ಬಿಗಿದುಕೊಳ್ಳುತ್ತದೆ. ತೆಗೆದೆನೋ ಇಲ್ಲವೋ, ನೆನಪಿಲ್ಲ. ಮರುದಿನ ಅವನು ಹೆಂಡತಿಯನ್ನು ಕೂರಿಸಿಕೊಂಡು ಹಬ್ಬದ ಪೂಜೆಗೆ ಇಗರ್ಜಿಗೆ ಹೊರಟಾಗ ಎಂಜಿನ್ ಬಿಗಿದುಕೊಂಡಿತು, ಹಿಂದಿನ ಚಕ್ರ ಗಕ್ಕನೆ ನಿಂತಿತು, ಇಬ್ಬರೂ ಬಿದ್ದರು. ಪಿಯೆದಾದ್ ಬಾಯಿಯ ಸೊಂಟ ಮುರಿಯಿತು. ಅಂದಿನಿಂದ ಅವಳು ಕುಂಟುತ್ತಾಳೆ.

"ಎಂಜಿನ್ ನಾನು ಸರಿಯಾಗೇ ಕೊಟ್ಟಿದ್ದೆ. ಹಬ್ಬ ಅಲ್ವಾ, ಸ್ವಲ್ಪ ಫೆನ್ನಿ ಏರಿಸಿದ್ದ ಅನ್ಸುತ್ತೆ" ಎಂದು ಪೈಲಟ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಹೇಳಿದವನು ನಾನೇ. ಎಂಜಿನ್ ಬಿಚ್ಚಿ ನೋಡಲಿಲ್ಲ. ಸತ್ತ ಎಂಜಿನ್, ಬಿಚ್ಚಿ ಪ್ರಯೋಜನವಿಲ್ಲ ಎಂದೆ. ಹೆದರಿಕೆ, ಇನ್ನೇನು! ಊರು ನಂಬಿತು, ಅವನ ಹೆಂಡತಿಯೂ ನಂಬಿದಳು. ಸಾಂತಾನ್ ಬಾಬ್ ಗಾಡಿಗೆ ಗೋಣಿ ಹೊದಿಸಿ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ. ದಿನವೂ ಸ್ಟ್ಯಾಂಡಿನ ಮುಂದೆಯೇ ನಡೆದು ಹೋಗಬೇಕು. ಅವರು ಬಿಡುತ್ತಾರೆಯೇ? "ಏನ್ ಪೈಲಟ್, ಎಂಜಿನ್ನಿಗೆಷ್ಟು ಹಾಕಿದ್ದೆ, ಹೊಟ್ಟೆಗೆಷ್ಟು?" ಅವರ ಜೊತೆ ನಿಂತು ನಾನೂ ನಕ್ಕಿದ್ದೇನೆ.

ಈಗ ಮದುವೆಯ ನಲವತ್ತನೇ ವರ್ಷಕ್ಕೆ ಅವಳನ್ನು ಮತ್ತೆ ಅದೇ ಗಾಡಿಯಲ್ಲಿ ಇಗರ್ಜಿಗೆ ಕರೆದೊಯ್ಯುವ ಆಸೆ ಅವನಿಗೆ. "ಮೊದಲು ಗಾಡಿ ಎದ್ದು ನಿಲ್ಲಲಿ, ಆಮೇಲೆ ನೋಡೋಣ" ಎಂದಿದ್ದಳು ಅವಳು.

ಟೈರು ಕೊಳೆತಿದ್ದರಿಂದ ಅವರ ಜಗಲಿಯಲ್ಲೇ ಕೆಲಸ. ಬಿಗಿದ ಪಿಸ್ಟನ್ ಸಡಿಲವಾಗಲೆಂದು ಪ್ಲಗ್ ತೆಗೆದು ಡೀಸೆಲ್ ಸುರಿದು ಎರಡು ದಿನ ನೆನೆಯಲು ಬಿಟ್ಟೆ. ಮೂರನೆಯ ಬೆಳಿಗ್ಗೆ ಪಕ್ಕದ ಮುಚ್ಚಳ ಬಿಚ್ಚಿದೆ. ಅವನು ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತಿದ್ದ. "ಬಾಬ್, ಸ್ವಲ್ಪ ಸೀಮೆಎಣ್ಣೆ ತಗೊಂಡ್ ಬಾ" ಎಂದು ಒಳಗೆ ಕಳಿಸಿ, ತೂತಿಗೆ ಕೊಕ್ಕೆ ಹಾಕಿ ಎಳೆದೆ. ಬಂತು. ಕಪ್ಪಾಗಿ ಸೆಟೆದ ಬಟ್ಟೆ. ಒಳಮಡಿಕೆಯಲ್ಲಿ ಮಾತ್ರ ಹಳದಿ ಹೂವು. ತಟ್ಟನೆ ಜೇಬಿಗೆ ತುರುಕಿಕೊಂಡೆ.

ಪಿಯೆದಾದ್ ಬಾಯಿ ಕುಂಟುತ್ತಾ ಚಹಾ ತಂದಳು. "ಏನ್ ಸಿಕ್ತೋ ವಿಠು ಒಳಗೆ? ಫೆನ್ನಿ ಬಾಟ್ಲಿ ಸಿಕ್ಕಿರ್ಬೇಕಲ್ಲ?"

ನಾನು ಹಲ್ಲು ಕಿರಿದೆ. ಆಗಲೂ!

ಸಾಂತಾನ್ ಬಾಬ್ ಸೀಮೆಎಣ್ಣೆ ಡಬ್ಬಿ ಕೆಳಗಿಟ್ಟ. "ಕುಡಿದಿದ್ದು ನಂಗೆ ನೆನಪೇ ಇಲ್ಲ ವಿಠು" ಎಂದ ಮೆಲ್ಲಗೆ. "ಮೊದಮೊದಲು ಇಲ್ಲ ಇಲ್ಲ ಅಂತಿದ್ದೆ. ಇಷ್ಟು ಜನ ಹೇಳಿದ ಮೇಲೆ... ಕುಡಿದಿರ್ಬೇಕು ಬಿಡು. ನೀನ್ಯಾಕೆ ಸುಳ್ಳು ಹೇಳ್ತೀಯ?"

ಚಹಾ ಲೋಟ ಕೆಳಗಿಟ್ಟೆ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಚಿಂದಿ ತೆಗೆದು ಅವನ ಮುಂದಿಟ್ಟೆ. "ನೀನು ಕುಡಿದಿರ್ಲಿಲ್ಲ ಬಾಬ್. ಎಣ್ಣೆ ಹೋಗೋ ದಾರೀಲಿ ನಾನು ಇದನ್ನ ಮರೆತಿದ್ದೆ. ಅವತ್ತೇ ಅನುಮಾನ ಬಂದಿತ್ತು. ಬಾಯಿ ಬಿಡಲಿಲ್ಲ."

ಪಿಯೆದಾದ್ ಬಾಯಿ ಅದನ್ನೆತ್ತಿಕೊಂಡು ಉಗುರಿನಿಂದ ಮಡಿಕೆ ಬಿಡಿಸಿದಳು. "ಇದು ನಾನೇ ಕೊಟ್ಟಿದ್ದು. ನನ್ನ ತಂಗಿ ಮಗಳ ಫ್ರಾಕಿನ ತುಂಡು" ಎಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ತಿರುಗಿದ್ದು ಗಂಡನ ಕಡೆಗೆ.

"ಸಾಂತಾನ್, ಇಪ್ಪತ್ತೆರಡು ವರ್ಷ ದಿನಾ ಕುಡುಕ ಅಂದೆನಲ್ಲೋ ನಿನ್ನ..."

ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಆಮೇಲೆ ನನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಚೀಲವನ್ನು ಬುಲೆಟ್ಟಿನ ಪಕ್ಕಕ್ಕೆ ಸರಿಸಿಟ್ಟ. ಚಿಂದಿಯನ್ನು ಮಾತ್ರ ನನ್ನ ಕೈಗೆ ಕೊಟ್ಟ.

"ಸ್ಟ್ಯಾಂಡಿಗೆ ಹೋಗು. ಅವತ್ತು ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತು ಹೇಳು. ಹೇಳಿ ಬಾ, ಪಿಸ್ಟನ್ ತೆಗೆಯೋಣ."

ಹನ್ನೊಂದು ಗಂಟೆ, ಎಲ್ಲ ಪೈಲಟ್‌ಗಳೂ ಸ್ಟ್ಯಾಂಡಿನಲ್ಲಿರುವ ಹೊತ್ತು. ನನ್ನ ಸ್ಕೂಟರನ್ನು ಅವರ ಗೇಟಿನಲ್ಲೇ ಬಿಟ್ಟು ನಡೆದುಕೊಂಡೇ ಹೊರಟೆ.