ನೀವು ಬರೆದುಕೊಟ್ಟ ಚೀಟಿಗಳು ನನ್ನ ಬಳಿ ಇದ್ದವು

ನೀವು ಬರೆದ ಚೀಟಿ ಆ ದಿನ ಚಂದ್ರುವಿಗೆ ತಲುಪಲಿಲ್ಲ. ನಾನು ಬಚ್ಚಿಟ್ಟೆ. ಎಲ್ಲೋ ಬಿದ್ದುಹೋಯಿತು, ಗಲಾಟೆಯಲ್ಲಿ ಮರೆತೆ — ಇವೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡ ಕತೆಗಳು. ಬೇಕೆಂದೇ ಬಚ್ಚಿಟ್ಟೆ.

ಯಾವ ಚೀಟಿ ಅಂತೀರಾ? ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ದಾಸರಹಳ್ಳಿಯ ಹಳೇ ಟಾಕೀಸಿನಲ್ಲಿ ‘ಊಟದ ಬೆಲ್’ ಅಂತ ಒಂದು ಸಿನಿಮಾ ತೋರಿಸಿದರು. ಹಾಡಿಲ್ಲ, ಫೈಟಿಲ್ಲ, ಗೊತ್ತಿರುವ ಮುಖ ಒಂದೂ ಇಲ್ಲ. ನೀವು ಬಂದಿದ್ದಿರಿ. ನಿಮ್ಮಲ್ಲಿ ಹೆಚ್ಚಿನವರು ಪೀಣ್ಯದವರೇ — ಲೇತು, ಪ್ರೆಸ್ಸು, ಗಾರ್ಮೆಂಟ್ಸು. ಮುಗಿದ ಮೇಲೆ ಬಾಗಿಲಲ್ಲಿ ಒಬ್ಬ ಬೋಳುತಲೆಯವನು ನಿಂತು ‘ಸಿನಿಮಾ ಹೆಂಗಿತ್ತು, ಬರ್ದು ಹಾಕಿ’ ಅಂತ ಚೀಟಿ ಕೊಟ್ಟು ಪೆನ್ನು ಚಾಚಿದನಲ್ಲ — ಆ ಬೋಳುತಲೆ ನಾನು. ಮುನಿರಾಜು. ಪೀಣ್ಯದ ಒಂದು ಪ್ರೆಸ್ ಶೆಡ್ಡಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಆ ಶೆಡ್ಡು ನಿಂತಿದ್ದ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದನಂತೆ, ಅಷ್ಟು ಹಳಬರು ನಾವು ಇಲ್ಲಿಗೆ.

ಚಂದ್ರು ನನ್ನ ಗೆಳೆಯ. ನಮ್ಮ ಶೆಡ್ಡಿನಲ್ಲೇ ಮಾಲು ಚೆಕ್ ಮಾಡುತ್ತಿದ್ದ. ಅದನ್ನು ಬಿಟ್ಟು ಮದುವೆ ವಿಡಿಯೊಗೆ ಇಳಿದ. ಅದೇ ಕ್ಯಾಮೆರಾದಲ್ಲಿ, ಭಾನುವಾರ ಭಾನುವಾರ, ನಾಲ್ಕು ವರ್ಷ ಈ ಸಿನಿಮಾ ತೆಗೆದ. ಕೈ ಕಳೆದುಕೊಂಡ ಒಬ್ಬ ಕಾರ್ಮಿಕನ ಕತೆ. ಅದರಲ್ಲಿ ಒಂದು ದೃಶ್ಯವಿತ್ತು, ನಿಮಗೆ ನೆನಪಿರಬೇಕು. ಎಲೆಕ್ಟ್ರಿಷಿಯನ್ ಒಬ್ಬ ಪ್ಯಾನೆಲ್ ಬಾಗಿಲು ತೆಗೆದು, ಆ ಕಡೆ ಈ ಕಡೆ ನೋಡಿ, ಒಂದು ಗೇಣು ವೈರು ಸಿಕ್ಕಿಸಿ, ಬಾಗಿಲು ಮುಚ್ಚಿ ಟೀ ಕುಡಿಯಲು ಹೋಗುತ್ತಾನೆ.

ಅದು ನಾನೇ.

ಇದನ್ನು ಬಿಡಿಸಿ ಹೇಳಬೇಕು — ಹೇಳದೆ ತಪ್ಪಿಸಿಕೊಂಡದ್ದು ಸಾಕು. ತಗಡು ಒತ್ತುವ ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ. ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಹೋಗುವುದಿಲ್ಲವಲ್ಲ, ಅದಕ್ಕೆ. ಒಂದು ಬೆಳಿಗ್ಗೆ ಬಲಗಡೆಯ ಗುಂಡಿ ಕೆಟ್ಟಿತು. ಹೊಸದು ಸ್ಟೋರಿನಲ್ಲಿ ಇಲ್ಲ, ಮಧ್ಯಾಹ್ನಕ್ಕೆ ಬರುತ್ತದೆ ಅಂದರು. ಮ್ಯಾನೇಜರು ತಲೆಯ ಮೇಲೆ ಕೂತಿದ್ದ — ‘ನಿಲ್ಲಿಸ್ಬೇಡ ಮುನಿರಾಜು, ಓಡ್ಸು.’ ಒಳಗೆ ಒಂದು ತುಂಡು ವೈರು ಕೊಟ್ಟೆ. ಬಲಗುಂಡಿ ಸದಾ ಒತ್ತಿದ ಹಾಗೇ ಆಯಿತು. ಇನ್ನು ಎಡಗುಂಡಿ ಒಂದನ್ನೇ ಮುಟ್ಟಿದರೂ ಸಾಕು, ಪ್ರೆಸ್ಸು ಇಳಿಯುತ್ತದೆ.

ಆ ಮಿಷಿನ್ನಿಗೆ ಬಂದವನು ರುದ್ರೇಶ. ಹರಿಹರದ ಕಡೆಯವನು, ನನಗಿಂತ ಎಂಟು ವರ್ಷ ಚಿಕ್ಕವನು, ಬಾಯಿ ತುಂಬ ‘ಅಣ್ಣ’ ಅನ್ನುತ್ತಿದ್ದ. ಅವನಿಗೆ ಹೇಳಲಿಲ್ಲ. ಮರೆತೆ ಅಂತ ಬರೆಯೋಣವೆಂದು ಪೆನ್ನು ಎತ್ತಿದೆ — ಇಲ್ಲ. ಮರೆಯಲಿಲ್ಲ. ಹೇಳಿದ್ದರೆ ಅವನು ಓಡಿಸುತ್ತಿರಲಿಲ್ಲ. ಹನ್ನೊಂದು ಗಂಟೆಗೆ ತಗಡು ಸಿಕ್ಕಿಕೊಂಡಿತು. ಬಲಗೈ ಒಳಗೆ ಹಾಕಿ ಬಿಡಿಸಹೋದ. ಎಡಗೈ ಅಭ್ಯಾಸಬಲದಿಂದ ಗುಂಡಿಯ ಮೇಲಿತ್ತು.

ಹೆಬ್ಬೆರಳು ಉಳಿಯಿತು. ಉಳಿದ ನಾಲ್ಕೂ ಹೋದವು.

ಎಲ್ಲರೂ ಅವನನ್ನು ಆಟೊಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ನಾನು ಓಡಲಿಲ್ಲ. ನಾನು ಪ್ಯಾನೆಲ್ ತೆಗೆದೆ, ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಹೊಸ ಗುಂಡಿ ಬಂದಕೂಡಲೇ ಕೂರಿಸಿದೆ. ಮಾರನೆಯ ದಿನ ವಿಚಾರಣೆಗೆ ಬಂದ ಸಾಹೇಬರು ಒತ್ತಿ ನೋಡಿದರು, ಎರಡೂ ಸರಿಯಾಗಿದ್ದವು. ನನ್ನನ್ನು ಕೇಳಿದರು. ‘ಮಿಷಿನ್ ಸರಿ ಇತ್ತು ಸಾರ್’ ಅಂದೆ. ಅಷ್ಟೇ ಮಾತು. ರುದ್ರೇಶ ಆಸ್ಪತ್ರೆಯ ಮಂಚದ ಮೇಲಿಂದ ‘ನಾನು ಒಂದೇ ಗುಂಡಿ ಒತ್ತಿದ್ದು, ಒಂದೇ’ ಅಂತ ಬಡಕೊಂಡ. ಒಂದಕ್ಕೆ ಪ್ರೆಸ್ಸು ಇಳಿಯುವುದಿಲ್ಲವಲ್ಲಪ್ಪ ಅಂದರು ಎಲ್ಲರೂ. ಬೇಗ ಬೇಗ ಪೀಸು ತೆಗೆಯೋಕೆ ಬಲಗುಂಡಿಗೆ ನೀನೇ ಏನೋ ಸಿಕ್ಕಿಸಿರ್ತೀಯ ಅಂದರು. ಕಾಗದದಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಅಂತ ಬಂತು. ಒಂದು ವರ್ಷ ವಾದಿಸಿದ. ಆಮೇಲೆ ಅವನೇ ‘ಸಿಕ್ಕಿಸಿದ್ನೇನೋ ಅಣ್ಣ, ನಂಗೇ ನೆನಪಿಲ್ಲ’ ಅನ್ನತೊಡಗಿದ. ನಾನು ಸುಮ್ಮನೆ ಕೇಳಿಸಿಕೊಂಡೆ. ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವನಿಗೆ ಕೆಲಸ ಕೊಡಿಸಿದೆ. ದೇವರಂಥವನು ಅಂದ ನನ್ನನ್ನು. ಥೂ.

ಮ್ಯಾನೇಜರನ್ನು ಬಿಟ್ಟರೆ ಈ ಗುಟ್ಟು ಗೊತ್ತಿದ್ದದ್ದು ಚಂದ್ರು ಒಬ್ಬನಿಗೆ. ಒಂದು ಭಾನುವಾರ ನಮ್ಮನೆ ಮೇಲಿನ ನೀರಿನ ಟ್ಯಾಂಕು ತೊಳೆಯುವಾಗ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟಿದ್ದೆ. ಅವನು ಬೈಯಲಿಲ್ಲ. ಟ್ಯಾಂಕು ತೊಳೆದು ಮುಗಿಸಿ ‘ಇದನ್ನ ಸಿನಿಮಾದಲ್ಲಿ ಹಾಕ್ಲಾ ಮಗಾ? ಹೆಸರು ಯಾವ್ದೂ ಬರಲ್ಲ. ರುದ್ರೇಶಂಗೆ ಮಾತ್ರ ನೀನೇ ಹೇಳ್ಬೇಕು, ಅದು ನಿನ್ ಕೆಲ್ಸ’ ಅಂದ. ಹಾಕ್ಕೋ ಅಂದೆ. ಮದುವೆ ಕ್ಯಾಮೆರಾದ ಸಿನಿಮಾ ಮುಗಿಯುತ್ತದೆ ಅಂತ ಯಾರು ನಂಬಿದ್ದರು?

ಮುಗಿಯಿತು. ಟಾಕೀಸಿನವರು ಒಂದು ಆಟಕ್ಕೆ ಒಪ್ಪಿದರು. ‘ಜನ ಏನಂತಾರೋ ಬರೆಸ್ಕೊಂಡು ಬನ್ನಿ. ಚೆನ್ನಾಗಿದೆ ಅಂದ್ರೆ ಬರೋ ವಾರ ಪೂರ್ತಿ ಬೆಳಗಿನ ಆಟ ಕೊಡ್ತೀವಿ’ ಅಂದರು. ಚಂದ್ರು ಕುಣಿದಾಡಿದ. ಅಭಿಪ್ರಾಯ ಬರೆಸೋಕೆ ಶೆಡ್ಡಿನ ಟ್ಯಾಗುಗಳನ್ನೇ ತಂದ — ಒಳ್ಳೇ ಮಾಲಿಗೆ ಕಟ್ಟುವ ಹಸಿರು ಚೀಟಿ, ರಿಜೆಕ್ಟಿಗೆ ಕಟ್ಟುವ ಕೆಂಪು ಚೀಟಿ. ‘ನಮ್ಮೋರಿಗೆ ವಿಮರ್ಶೆ ಬರೆಯೋಕೆ ಬರಲ್ಲ ಗುರು, ಟ್ಯಾಗ್ ಕಟ್ಟೋಕೆ ಬರುತ್ತೆ’ ಅಂತ ನಕ್ಕ.

ಅವನು ಒಂದು ಮರೆತಿದ್ದ. ಹಸಿರು ಚೀಟಿಯ ಮೇಲೆ ಶೆಡ್ಡಿನಲ್ಲಿ ಯಾರೂ ಏನೂ ಬರೆಯುವುದಿಲ್ಲ. ಮಾಲು ಚೆನ್ನಾಗಿದೆ, ಕಟ್ಟಿ ಕಳಿಸು, ಮುಗಿಯಿತು. ಬರೆಯುವುದು ಕೆಂಪಿನ ಮೇಲೆ, ಅದರಲ್ಲಿ ‘ಕಾರಣ’ ಅಂತ ಗೆರೆ ಹಾಕಿರುತ್ತದೆ. ಕೈಗೆ ಹತ್ತಿದ ಅಭ್ಯಾಸ ಎಲ್ಲಿ ಬಿಡುತ್ತದೆ? ಸಿನಿಮಾ ಇಷ್ಟವಾದವರೂ, ಎರಡು ಮಾತು ಬರೆಯಬೇಕು ಅನ್ನಿಸಿದವರೆಲ್ಲರೂ ಕೆಂಪನ್ನೇ ಎತ್ತಿಕೊಂಡಿರಿ. ಕೆಂಪು ಚೀಟಿಯ ಮೇಲೆ ‘ಕಾರಣ: ನಮ್ಮ ಅಕ್ಕನ ನೆನಪು ಬಂತು, ಅತ್ತುಬಿಟ್ಟೆ’ ಅಂತ ಬರೆದಿರಿ. ‘ಕಾರಣ: ಇದು ನಮ್ಮ ಶೆಡ್ಡಿನ ಕತೆ, ಇನ್ನೂ ನಾಲ್ಕು ಜನಕ್ಕೆ ತೋರಿಸಿ.’ ‘ಕಾರಣ: ಫಿನಿಶಿಂಗ್ ಸುಮಾರು, ಮಾಲು ಅಪ್ಪಟ.’ ಗಾರ್ಮೆಂಟ್ಸಿನ ಒಬ್ಬ ಅಕ್ಕ ಇಡೀ ಹಿಂಬದಿ ತುಂಬ ಬರೆದಿದ್ದಿರಿ, ಸಿನಿಮಾದಲ್ಲಿ ಆ ಕಾರ್ಮಿಕನ ಹೆಂಡತಿ ಊಟದ ಡಬ್ಬಿ ಮುಚ್ಚಿಟ್ಟು ಅಳುವ ಜಾಗದ ಬಗ್ಗೆ. ನಾನು ಬಾಗಿಲಲ್ಲೇ ನಿಂತು ಒಂದೊಂದೇ ಓದುತ್ತಿದ್ದೆ. ಸತ್ಯ ಹೇಳುತ್ತೇನೆ, ನನ್ನ ಗೆಳೆಯ ಗೆದ್ದ ಅಂತ ಹಿಗ್ಗಿದೆ.

ಆಮೇಲೆ ಆ ಒಂದು ಚೀಟಿ ಕೈಗೆ ಬಂತು. ಸೊಟ್ಟ ಸೊಟ್ಟ ಅಕ್ಷರ, ಎಡಗೈಯಲ್ಲಿ ಬರೆಯಲು ಕಲಿತವನ ಅಕ್ಷರ.

‘ಕಾರಣ: ಆ ವೈರು ಸಿಕ್ಕಿಸೋದು ನಿಜವಾಗಿ ಆಗುತ್ತಾ. ಹಂಗೆ ಮಾಡಿದರೆ ಒಂದೇ ಗುಂಡಿಗೆ ಪ್ರೆಸ್ ಇಳಿಯುತ್ತಾ. ನನಗೆ ಗೊತ್ತಾಗಬೇಕು. ದಯವಿಟ್ಟು ತಿಳಿಸಿ. ರುದ್ರೇಶ.’

ಅವನು ಬಂದಿದ್ದ! ಯಾರೋ ಕರೆದಿದ್ದಾರೆ, ಕತ್ತಲಲ್ಲಿ ಕೂತು ನೋಡಿದ್ದಾನೆ, ಜನರ ನಡುವೆ ನನ್ನ ಎದುರಿಗೇ ಚೀಟಿ ಹಾಕಿ ಹೋಗಿದ್ದಾನೆ, ನಾನು ತಲೆ ಎತ್ತಿ ನೋಡಿಲ್ಲ. ಈ ಚೀಟಿ ಚಂದ್ರು ಕೈ ಸೇರಿದರೆ ಅವನು ಸುಳ್ಳು ಹೇಳುವವನಲ್ಲ. ಸರಿ, ಇದೊಂದನ್ನು ತೆಗೆದುಬಿಡುತ್ತೇನೆ ಅಂದುಕೊಂಡೆ. ಆದರೆ ಸಿನಿಮಾ ಇನ್ನೊಂದು ವಾರ ಓಡಿದರೆ? ಪೀಣ್ಯಕ್ಕೆ ಪೀಣ್ಯವೇ ಬಂದು ನೋಡಿದರೆ? ಯಾರೋ ಒಬ್ಬ ರುದ್ರೇಶನ ಹೆಗಲ ಮೇಲೆ ಕೈಯಿಟ್ಟು, ಹೌದಪ್ಪ, ಹಂಗೂ ಮಾಡ್ತಾರೆ ಅನ್ನದೆ ಇರುತ್ತಾನಾ?

ಅಷ್ಟರಲ್ಲಿ ಚಂದ್ರು ಮೆಟ್ಟಿಲ ಕೆಳಗಿನಿಂದ ಕೂಗಿದ. ಅವನಿಗೆ ದೂರದಿಂದ ಕಂಡದ್ದು ಬಣ್ಣ ಮಾತ್ರ.

‘ಕೆಂಪೇ ಜಾಸ್ತಿನೇನೋ?’

‘ಹೂಂ’ ಅಂದೆ.

ಒಂದು ಹೂಂ. ಅವನ ಮುಖ ಇಳಿದದ್ದನ್ನು ನೋಡಿಯೂ ಅಂದೆ. ನಿಜಕ್ಕೂ ಬೈದು ಬರೆದಿದ್ದ ಹನ್ನೊಂದು ಚೀಟಿ ಆರಿಸಿ ಅವನ ಕೈಗಿಟ್ಟೆ. ‘ಹೀರೊ ಎಲ್ಲಿ’, ‘ನಿದ್ದೆ ಬಂತು’, ‘ನಮ್ಮ ಗೋಳು ನಮಗೇ ಯಾಕೆ ತೋರಿಸ್ತೀರಿ’ — ಅಂಥವು. ‘ಉಳಿದವೂ ಇಂಗೇ ಇದಾವೆ. ಓದ್ಬೇಡ ಬಿಡು, ಸುಮ್ನೆ ಬೇಜಾರು’ ಅಂದೆ. ಗೆಳೆಯನ ಮೇಲಿನ ಅಕ್ಕರೆ ಅನ್ನುವ ಹಾಗೆ ಅಂದೆ! ಅವನು ಮೆಟ್ಟಿಲ ಮೇಲೆ ಕೂತು ಹನ್ನೊಂದನ್ನೂ ಎರಡೆರಡು ಸಲ ಓದಿದ. ‘ಜನ ಸುಳ್ಳು ಹೇಳಲ್ಲ ಮಗಾ’ ಅಂದ. ಟಾಕೀಸಿನವರನ್ನು ಕಾಣಲು ಒಳಗೆ ಹೋಗಲೇ ಇಲ್ಲ. ಬಸ್ಸು ಹತ್ತಿ ಮನೆಗೆ ಹೋದ.

ಆ ಸಿನಿಮಾವನ್ನು ಅವನು ಮತ್ತೆ ಯಾರಿಗೂ ತೋರಿಸಲಿಲ್ಲ. ಮದುವೆ ವಿಡಿಯೊ ಕೂಡ ಬಿಟ್ಟ, ಕ್ಯಾಮೆರಾ ಮುಟ್ಟಲೇ ಇಲ್ಲ. ಬೊಮ್ಮಸಂದ್ರದ ಯಾವುದೋ ಗೋಡೌನಿಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದ. ಇತ್ತ ರುದ್ರೇಶ ಹದಿನೈದು ದಿನ ಕಾದು ನನ್ನ ಬಳಿ ಬಂದ. ‘ಆವತ್ತು ಟಾಕೀಸ್ ಬಾಗ್ಲಲ್ಲಿ ಚೀಟಿ ಇಸ್ಕೊತಿದ್ರಲ್ಲ ಅಣ್ಣ, ಸಿನಿಮಾದವರು ನಿಮಗೆ ಗೊತ್ತಿರ್ಬೇಕು. ನನ್ ಚೀಟಿಗೆ ಏನಾದ್ರೂ ಅಂದ್ರಾ?’ ನಾನು ಅವನ ಹೆಗಲು ತಟ್ಟಿ, ‘ಅದು ಸಿನಿಮಾ ಕಣೋ, ಕತೆ ಕಟ್ಟಿರ್ತಾರೆ’ ಅಂದೆ. ಅವನು ಮತ್ತೆ ಕೇಳಲಿಲ್ಲ.

ಇಷ್ಟು ವರ್ಷ ಹಾಗೇ ಬದುಕಿದೆ. ಚೀಟಿಗಳನ್ನು ಸುಡಬೇಕೆಂದು ಎಷ್ಟು ಸಲ ಅಂದುಕೊಂಡರೂ ಆಗಲಿಲ್ಲ. ಯಾಕೋ ಗೊತ್ತಿಲ್ಲ. ಒಳ್ಳೆಯತನ ಅಂತ ಮಾತ್ರ ತಿಳಿಯಬೇಡಿ.

ಹೋದ ತಿಂಗಳು ರುದ್ರೇಶ ಮಗಳನ್ನು ಕರೆದುಕೊಂಡು ನಮ್ಮನೆಗೆ ಬಂದ. ಸಿಂಧು, ಐಟಿಐ ಮುಗಿಸಿ ಪೀಣ್ಯದಲ್ಲೇ ಕೆಲಸಕ್ಕೆ ಸೇರುವವಳಿದ್ದಳು. ಆಶೀರ್ವಾದ ಮಾಡಿ ಅಂದ, ಅವಳು ನನ್ನ ಕಾಲಿಗೆ ಬಿದ್ದಳು. ಆಮೇಲೆ ತನ್ನ ಬಲಗೈಯನ್ನು ಅವಳ ಮುಖದ ಮುಂದೆ ಹಿಡಿದ. ‘ನೋಡ್ಕೊ. ನಿಮ್ಮಪ್ಪನ ತರ ಆತುರ ಬೀಳ್ಬೇಡ. ಮಿಷಿನ್ ತಪ್ಪು ಮಾಡಲ್ಲ, ನಾವು ಮಾಡ್ತೀವಿ. ಬೇಕಾದ್ರೆ ಈ ದೊಡ್ಡಪ್ಪನ್ನ ಕೇಳು.’

ಆ ಹುಡುಗಿ ನನ್ನ ಕಡೆ ನೋಡಿದಳು. ನಾನು — ಹೇಗೆ ಬರೆಯಲಿ ಇದನ್ನು — ನಾನು ಹೌದು ಅಂತ ತಲೆ ಆಡಿಸಿದೆ.

ಅವರು ಹೋದ ಮೇಲೆ ಎರಡು ದಿನ ನಾನು ಊಟ ಮಾಡಲಿಲ್ಲ. ಹೆಂಡತಿ ಡಾಕ್ಟರ ಹತ್ತಿರ ಹೋಗೋಣ ಅಂದಳು. ಮೂರನೆಯ ದಿನ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬೊಮ್ಮಸಂದ್ರಕ್ಕೆ ಹೋದೆ. ಗೋಡೌನಿನ ಹೊರಗೆ ಟೀ ಅಂಗಡಿಯಲ್ಲಿ ಚಂದ್ರುವಿನ ಮುಂದೆ ಸುರಿದೆ, ಎಲ್ಲ ಹೇಳಿದೆ. ಹೊಡೆಯುತ್ತಾನೆ ಅಂತ ಕಾದೆ, ಹೊಡೆದರೆ ಸಾಕು ಅನ್ನುವಂತಿತ್ತು. ಅವನು ಒಂದೊಂದೇ ಓದಿದ. ಗಾರ್ಮೆಂಟ್ಸಿನ ಅಕ್ಕ, ನಿಮ್ಮ ಚೀಟಿಯನ್ನು ಓದಿ ಅಂಗಡಿಯವನಿಗೂ ತೋರಿಸಿದ. ‘ಇಷ್ಟು ಜನಕ್ಕೆ ಹಿಡಿಸಿತ್ತಾ?’ ಅಂತ ಕೇಳಿದ, ನನ್ನನ್ನಲ್ಲ, ಸುಮ್ಮನೆ ಎದುರಿಗೆ ನೋಡುತ್ತ. ಕೊನೆಗೆ ರುದ್ರೇಶನ ಚೀಟಿಯೊಂದನ್ನು ಬೇರೆ ತೆಗೆದು ನನ್ನ ಕಡೆ ತಳ್ಳಿದ.

‘ಇದು ನಂಗೆ ಬಂದಿದ್ದಲ್ಲ. ಹೋಗು. ಇನ್ಮೇಲೆ ನನ್ನ ನೋಡೋಕೆ ಬರ್ಬೇಡ.’

ನಿಮ್ಮ ಉಳಿದ ಚೀಟಿಗಳು ಈಗ ಅವನ ಹತ್ತಿರ ಇವೆ. ತಡವಾಗಿ ತಲುಪಿದವು. ಅವುಗಳಿಂದ ಇನ್ನೇನೂ ಆಗಲಾರದಷ್ಟು ತಡವಾಗಿ.

ಭಾನುವಾರ ರುದ್ರೇಶನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಹಾರಿಹೋಯಿತು. ‘ನೀನು ಒಂದೇ ಗುಂಡಿ ಒತ್ತಿದ್ದು ರುದ್ರೇಶ. ಇನ್ನೊಂದಕ್ಕೆ ನಾನು ವೈರ್ ಕೊಟ್ಟಿದ್ದೆ. ಆಮೇಲೆ ಕಿತ್ತೆ’ ಅಂದೆ. ಅವನು ತಿನ್ನುತ್ತಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ನನ್ನ ಕೊರಳಪಟ್ಟಿ ಹಿಡಿಯಲಿಲ್ಲ. ನನ್ನನ್ನು ನೋಡಲೇ ಇಲ್ಲ. ಅಡಿಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ.

‘ಏ, ಬಾರೇ ಇಲ್ಲಿ! ನಾನು ಒಂದೇ ಒತ್ತಿದ್ದಂತೆ ಕಣೇ! ನಾ ಹೇಳಿರ್ಲಿಲ್ವಾ? ಒಂದೇ! ಒಂದೇ ಕಣೇ!’

ನಗುತ್ತ ನಗುತ್ತಲೇ ಅವನಿಗೆ ಅಳು ಬಂತು. ಆ ಮೊಂಡುಗೈಯಿಂದ ತೊಡೆ ಬಡಿದುಕೊಂಡ. ಅಷ್ಟು ವರ್ಷ ತನ್ನ ತಲೆಯನ್ನೇ ತಾನು ನಂಬದೆ ಬದುಕಿದ ಮನುಷ್ಯ. ಅವನ ಬೆರಳು ತೆಗೆದದ್ದು ಒಂದು ಕ್ಷಣ, ಅವನಿಗೆ ತನ್ನ ಮೇಲಿದ್ದ ನಂಬಿಕೆಯನ್ನು ನಾನು ದಿನಾ ಕಿತ್ತುಕೊಳ್ಳುತ್ತಿದ್ದೆ.

ಸಿಂಧು ಒಂದು ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟಳು. ಮೊನ್ನೆ ಕಾಲಿಗೆ ಬಿದ್ದಿದ್ದ ಹುಡುಗಿ. ‘ಬರ್ದು ಸೈನ್ ಮಾಡಿ. ನಾಳೆ ಲೇಬರ್ ಆಫೀಸಿಗೆ ನೀವೂ ಬರ್ಬೇಕು’ ಅಂದಳು. ಬರ್ತೀನಮ್ಮ ಅಂದೆ. ನೆಲದ ಮೇಲೆ ಕೂತು ನನ್ನ ಹೆಸರು ಬರೆದೆ, ಅಪ್ಪನ ಹೆಸರು ಬರೆದೆ, ಆಮೇಲೆ ‘ಮಿಷಿನ್ ಸರಿ ಇರಲಿಲ್ಲ’ ಅಂತ ಶುರುಮಾಡಿ ಎಲ್ಲ ಬರೆದೆ. ಸೈನ್ ಹಾಕಿದೆ. ಅವಳು ಅದನ್ನು ಅಪ್ಪನಿಗೆ ಓದಿ ಹೇಳಿದಳು. ಅವನು ಇನ್ನೊಂದು ಸಲ ಓದು ಅಂದ. ಮೂರನೆಯ ಸಲ ಓದುವಾಗ ನಾನು ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಯಾರೂ ಕರೆಯಲಿಲ್ಲ.